ಕಲೆ

ಬ್ಯಾಂಕಿಗೆ ಫೋನು ಮಾಡಿದ್ದೆ,
ಬಡ್ಡಿ ಏಳು ರೂಪಾಯಿ ಕಡಿಮೆ ಬಿದ್ದದ್ದಕ್ಕೆ.
ಒಂದು ಒತ್ತಿ, ಮೂರು ಒತ್ತಿ, ನಕ್ಷತ್ರ ಒತ್ತಿ,
ಆಮೇಲೆ ದಯವಿಟ್ಟು ಕಾಯಿರಿ ಎಂದಳು ಯಂತ್ರದ ಹೆಂಗಸು.
ಕಾದೆ.
ಆಗ ಬಂತು ಸ್ಯಾಕ್ಸೊಫೋನು
ಡೊಂಬಿವಿಲಿಯ ನಮ್ಮ ಅಡುಗೆಮನೆಗೆ,
ಕುಕ್ಕರಿನ ಎರಡನೆಯ ಸೀಟಿಗೂ ಮೂರನೆಯದಕ್ಕೂ ನಡುವೆ,
ತಗಡಿನಷ್ಟು ತೆಳ್ಳಗಾಗಿ.
ಆದರೂ ಅದೇ.
ಎಣ್ಣೆ ಬಿಟ್ಟ ಬಾಗಿಲು ತೆರೆದ ಹಾಗೆ, ಆತುರವಿಲ್ಲದ್ದು,
ಸ್ವರವನ್ನು ಹಿಡಿಯದೆ ಅದರ ಪಕ್ಕಕ್ಕೆ ಒರಗಿ ನಿಲ್ಲುವಂಥದ್ದು.

ಎಂಬತ್ತರ ಆಸುಪಾಸು. ಚರ್ಚ್‌ಗೇಟಿನ ಹಿಂದಿನ ಗಲ್ಲಿ,
ಬೈಂದೂರಿನ ಸುಬ್ಬ ಮಡಿವಾಳರ ಲಾಂಡ್ರಿ.
ನಾನು ಅಲ್ಲಿ ಕಲೆ ತೆಗೆಯುವ ಹುಡುಗ.
ಸಾಂಬಾರು, ಶಾಯಿ, ಲಿಪ್‌ಸ್ಟಿಕ್, ರಕ್ತ,
ಯಾವುದಕ್ಕೆ ಯಾವುದು ಎಂದು ಬೆರಳಿಗೇ ಗೊತ್ತಿತ್ತು.
ಸೋಮವಾರ ಬರುತ್ತಿದ್ದವು ಬ್ಯಾಂಡಿನವರ ಬಿಳಿ ಕೋಟುಗಳು, ಐದು.
ಪಿಯಾನೋದವನದಕ್ಕೆ ತೋಳಿನಲ್ಲಿ ಸಿಗರೇಟಿನ ತೂತು,
ಡ್ರಮ್ಮಿನವನದು ಕಂಕುಳಲ್ಲಿ ಹಳದಿ.
ಇನ್ನೊಂದರ ಬಲಗಡೆ, ಜೇಬಿನ ಕೆಳಗೆ,
ಅಂಗೈಯಗಲದ ಹಸಿರು.
ಪಾಚಿಯಲ್ಲ, ಸೊಪ್ಪಲ್ಲ. ಮೂಸಿ ನೋಡಿದೆ:
ಹುಣಸೆಹುಳಿ ಹಾಕಿಟ್ಟು ಮರೆತ ಹಿತ್ತಾಳೆ ಚೆಂಬು.

ಎವರಿಸ್ಟೊ ಕೊಲಾಸೊ. ಅಲ್ಡೋನಾದವನು.
ಧೋಬಿ ತಲಾವಿನಲ್ಲಿ ಅವನೂರವರ ಕೂಡ್ ಇತ್ತು,
ತಲೆಗೊಂದು ಟ್ರಂಕಿನ ಜಾಗ, ಆ ಟ್ರಂಕೇ ಹಾಸಿಗೆ.
ವಾದ್ಯ ಇಲ್ಲಿಗೆ ಒರಗುತ್ತದೆ ಎಂದು ತೊಡೆ ತಟ್ಟಿ ತೋರಿಸಿದ,
ಎಳೆಗೂಸಿನ ಹಾಗೆ. ಉಚ್ಚೆ ಹೊಯ್ಯದೆ ಇರುತ್ತದೆಯೆ?
ನಿನ್ನ ಭಾಷೆಯಲ್ಲಿ ಇದಕ್ಕೇನು, ಕೇಳಿದ.
ಕಲೆ, ಅಂದೆ.
ಮತ್ತೆ ನಾನು ಊದುತ್ತೇನಲ್ಲ, ಅದಕ್ಕೆ?
ಯೋಚಿಸಿದೆ. ಅದಕ್ಕೂ ಕಲೆಯೇ.
ನಕ್ಕ. ಜಿಪುಣರಪ್ಪ ನೀವು,
ಒಂದು ಶಬ್ದ ಉಳಿಸಿದಿರಿ.

ನಿಂಬೆ, ಉಪ್ಪು, ಉಗುರುಬೆಚ್ಚಗಿನ ನೀರು.
ಕಲೆಯ ಉದ್ದ ನೋಡಿ ಹೇಳಬಲ್ಲವನಾದೆ
ಶನಿವಾರ ಎಷ್ಟು ಹೊತ್ತು ಊದಿದ್ದಾನೆಂದು.

ಕೋಟು ಕೊಡಲು ಹೋದವನು ಹಿಂಬಾಗಿಲಲ್ಲಿ ನಿಲ್ಲುತ್ತಿದ್ದೆ,
ಈರುಳ್ಳಿ ಚೀಲಕ್ಕೂ ಐಸ್ ಪೆಟ್ಟಿಗೆಗೂ ನಡುವೆ.
ಒಳಗೆ ಫೋರ್ಕುಗಳ ಸದ್ದು, ಯಾರದೋ ನಗು,
ಅವುಗಳ ಅಡಿಯಿಂದ ಅವನು,
ಉಣ್ಣುವವರಿಗೆ ತೊಂದರೆಯಾಗದ ಹಾಗೆ.
ನಮ್ಮ ಕಡೆ ಮದುವೆಗೆ ಇದೇ ವಾದ್ಯ ಊದುತ್ತಾರೆ
ಕೆನ್ನೆಯುಬ್ಬಿಸಿ, ಮೂರು ಗದ್ದೆಯಾಚೆಗೆ,
ಮುಹೂರ್ತ ಯಾರಿಗೂ ತಪ್ಪಬಾರದೆಂದು.
ಇವನದು ಯಾರನ್ನೂ ಕರೆಯುತ್ತಿರಲಿಲ್ಲ.
ಬಲ್ಲವರು ಬೈಯುತ್ತಿದ್ದರಂತೆ: ಇದೆಂಥ ಜಾಜ್, ಬರೀ ಬೆಣ್ಣೆ.
ಬೆಣ್ಣೆಯೇ ಇರಲಿ.
ಹದಿನಾಲ್ಕು ತಾಸು ಹಬೆಯಲ್ಲಿ ನಿಂತವನಿಗೆ
ಯಾರಾದರೂ ಬೆಣ್ಣೆ ಕೊಟ್ಟರೆ
ಕಡೆದದ್ದು ಹೇಗೆ ಎಂದು ಕೇಳುವನೆ?

ಆಮೇಲೊಂದು ಸೋಮವಾರ ಕೋಟಿನಲ್ಲಿ ಕಲೆ ಇರಲಿಲ್ಲ.
ಮುಂದಿನ ವಾರವೂ.
ಮೂಲೆಯಲ್ಲೊಂದು ಕೀಬೋರ್ಡು ಬಂದಿತ್ತು, ಗುಂಡಿ ಒತ್ತಿದರೆ
ಅದರಲ್ಲೇ ಸ್ಯಾಕ್ಸೊಫೋನು.
ಇವನು ಬದಿಗೆ ನಿಂತು ಗಿಲಕಿ ಅಲ್ಲಾಡಿಸುತ್ತಿದ್ದ.
ಚೊಕ್ಕಟ ಕೋಟನ್ನು ವಾರವಾರವೂ ಕಳಿಸಿದ.
ನಾನೂ ಒಗೆದೆ,
ನಿಂಬೆ ಹಿಂಡಿ, ಅದೇ ಜಾಗದಲ್ಲಿ.

ಕೊನೆಗೆ ಬಂದದ್ದು ಜುಲೈಯಲ್ಲಿ. ಟೋಕನ್ ೨೧೪.
ಅದರಲ್ಲಿ ಕಲೆ ಇತ್ತು! ಹೊಸದು, ಅಂಚಿನವರೆಗೆ ಇಳಿದದ್ದು.
ಎಲ್ಲಿ ಊದಿದನೋ, ಯಾರಿದ್ದರೋ ಕೇಳಲು.
ಒಯ್ಯಲು ಬರಲಿಲ್ಲ.
ಮೂವತ್ತು ದಿನ ಕಳೆದರೆ ನಾವು ಜವಾಬ್ದಾರರಲ್ಲ
ಎಂದು ರಸೀದಿಯ ಹಿಂದೆ ಅಚ್ಚಾಗಿರುತ್ತದೆ.
ಕೂಡ್‌ಗೆ ಹೋಗಿ ನೋಡಿದೆ:
ಅವನ ಟ್ರಂಕಿನ ಜಾಗದಲ್ಲಿ ಬೇರೆ ಟ್ರಂಕು.

ಫೋನಿನಲ್ಲಿ ಈಗ ಒಬ್ಬಳು ಹುಡುಗಿ, ನಿಜವಾದವಳು:
ಹೇಳಿ ಸರ್, ಏನು ಸಹಾಯ ಮಾಡಲಿ?
ಏಳು ರೂಪಾಯಿ ನೆನಪಿಗೇ ಬರಲಿಲ್ಲ.
ಇನ್ನೂ ಸ್ವಲ್ಪ ಕಾಯಿಸಮ್ಮ, ಅಂದೆ.

ಮೇಲಿನ ಕಪಾಟಿನಲ್ಲಿ, ನುಸಿಗುಳಿಗೆಗಳ ನಡುವೆ, ಕೋಟಿದೆ.
ಹಸಿರು ತಿರುಗಿ ಕಂದಾಗಿದೆ.
ಮನೆಯಲ್ಲಿ ನಿಂಬೆಹಣ್ಣು ಯಾವತ್ತೂ ಇರುತ್ತದೆ.
ಮುಟ್ಟಿಲ್ಲ.